ಗಾಳಿಗೆ ಬಿದ್ದ ಬೇವಿನ ಮರ: ಅರ್ಜಿಯಿಂದ ಒಟ್ಟಿಲವರೆಗೆ

ಕೊಪ್ಪಳ ಸೀಮೆಯಲ್ಲಿ ರೋಹಿಣಿ ಮಳೆ ಹನಿಯುವ ಮುಂಚೆ ಗಾಳಿ ಬರುತ್ತದೆ. ಮಳೆ ನಾಲ್ಕು ಹನಿ, ಗಾಳಿ ಮಾತ್ರ ಮನೆಯ ಪತ್ರಾಸು (ತಗಡು) ಹಾರಿಸುವಷ್ಟು. ಈ ಸಲದ ಗಾಳಿಗೆ ಹೊಲದ ಬದುವಿನ ಮೇಲಿದ್ದ ಹಳೇ ಬೇವು ಬೇರುಸಮೇತ ಕಿತ್ತು ಪಕ್ಕದವರ ಹೊಲಕ್ಕೆ ಅಡ್ಡ ಬಿತ್ತು. ಅದನ್ನು ಕೊಯ್ದು, ಸೀಳಿ, ಒಟ್ಟಿ ಈಗಷ್ಟೇ ಕೈ ತೊಳೆದುಕೊಂಡಿದ್ದೇವೆ. ಮರ ಬಿದ್ದ ಮರುಕ್ಷಣದಿಂದ ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ: ಬಿದ್ದದ್ದಕ್ಕೆ ಯಾರ ಅಪ್ಪಣೆಯೂ ಬೇಡ, ಹಸಿ ಇದ್ದಾಗ ಮುಟ್ಟಬೇಡಿ, ಮೊದಲು ಬೊಡ್ಡೆ ಕಡಿಯಿರಿ, ಮೊದಲು ಟೊಂಗೆ ಕಡಿಯಿರಿ. ಯಾವುದು ಸರಿ, ಏಕೆ ಸರಿ ಎಂಬುದನ್ನು ಕೆಲಸ ನಡೆದ ಕ್ರಮದಲ್ಲೇ ಬರೆದಿದ್ದೇನೆ.

ಮರ ಏಕೆ ಬಿತ್ತು ಎಂಬುದು ಬುಡದಲ್ಲೇ ಕಾಣುತ್ತಿತ್ತು. ಹೊಲದ ಕಡೆಯ ಬೇರುಗಳೆಲ್ಲ ಒಂದೇ ಗೆರೆಯಲ್ಲಿ ಮೊಟಕಾಗಿದ್ದವು. ವರ್ಷವರ್ಷವೂ ಟ್ರ್ಯಾಕ್ಟರ್ ನೇಗಿಲು ಬದುವಿಗೆ ಹತ್ತಿಕೊಂಡು ಹೋಗಿ ಕತ್ತರಿಸಿದ ಗುರುತು ಅದು. ಆ ಕಡೆ ಹಿಡಿತವೇ ಇಲ್ಲ. ಅದೇ ಕಡೆಯಿಂದ ಗಾಳಿ ಬೀಸಿತು, ಮರ ಎದುರು ಬದಿಗೆ ಮಗುಚಿತು. ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಇನ್ನೊಂದು ತೊಂದರೆ ಇದೆ. ಬೇಸಿಗೆಯಲ್ಲಿ ಮಣ್ಣು ಬಿರಿದು ಬೇರಿನ ಸುತ್ತ ಸಂದು ಬಿಡುತ್ತದೆ, ಆ ಸಂದಿನಲ್ಲಿ ಮೊದಲ ಮಳೆಯ ನೀರು ಇಳಿದಾಗ ಬೇರು ಕೆಸರಿನಲ್ಲಿ ನಿಂತಂತಾಗುತ್ತದೆ. ಬದುವಿನ ಮೇಲೆ ದೊಡ್ಡ ಮರ ಇರುವವರು ಬುಡದಿಂದ ಕನಿಷ್ಠ ನಾಲ್ಕೈದು ಮಾರು ನೇಗಿಲು ದೂರ ಇಟ್ಟರೆ ಮರ ಉಳಿಯುತ್ತದೆ.

ಬಿದ್ದ ದಿನ ಕೊಡಲಿ ಹಿಡಿಯಬಾರದು, ನೋಡಬೇಕು ಅಷ್ಟೇ. ಮೊದಲು ನೋಡಬೇಕಾದ್ದು ತಂತಿ. ಪಂಪ್‌ಸೆಟ್ಟಿನ ಲೈನು ಟೊಂಗೆಯ ಅಡಿ ಸಿಕ್ಕಿದ್ದರೆ ಹಸಿ ಮರದಲ್ಲಿ ಕರೆಂಟು ಹರಿಯುತ್ತದೆ, ಒದ್ದೆ ನೆಲದಲ್ಲೂ ಹರಿಯುತ್ತದೆ. ನಮ್ಮ ಕೊಪ್ಪಳ ಜಿಲ್ಲೆಗೆ ಕರೆಂಟು ಕೊಡುವುದು ಜೆಸ್ಕಾಂ, ದೂರಿಗೆ 1912. ಲೈನ್‌ಮನ್ ಬಂದು ಕಣ್ಣೆದುರು ಲೈನು ಬಿಚ್ಚುವವರೆಗೆ ಯಾರೂ ಹತ್ತಿರ ಹೋಗಬಾರದು. ಊರಲ್ಲಿ ಕರೆಂಟು ಹೋಗಿದೆ ಎಂದರೆ ತಂತಿ ಸತ್ತಿದೆ ಎಂದಲ್ಲ, ಯಾವ ಗಳಿಗೆಯಲ್ಲೂ ವಾಪಸ್ ಬರಬಹುದು. ಎರಡನೆಯದು ಬೇರು ಎದ್ದ ತಗ್ಗು. ಮಕ್ಕಳು ಅಲ್ಲಿಗೇ ಓಡುತ್ತಾರೆ, ಆಡಿನ ಮರಿಗಳೂ ಇಳಿಯುತ್ತವೆ. ಆ ತಗ್ಗು ಈ ಇಡೀ ಕೆಲಸದಲ್ಲಿ ಅತಿ ಅಪಾಯದ ಜಾಗ. ಕಾರಣ ಮುಂದೆ ಬರುತ್ತದೆ. ಮುಳ್ಳುಕಂಟಿ ಎಳೆದು ಅಡ್ಡ ಹಾಕಿಬಿಡಿ. ಮೂರನೆಯದು ಪೊಟರೆ. ಹಳೇ ಬೇವಿನ ಪೊಟರೆಯಲ್ಲಿ ಹಾವು, ಚೇಳು, ತುಡುವೆ ಜೇನು ಇದ್ದೇ ಇರುತ್ತವೆ. ಒಂದು ರಾತ್ರಿ ಬಿಟ್ಟರೆ ಕೆಲವು ತಾವೇ ಜಾಗ ಬಿಡಬಹುದು.

ಆಮೇಲೆ ಮರ ಯಾರದು ಎಂಬ ಪ್ರಶ್ನೆ. ಬುಡ ಒಬ್ಬರ ಬದುವಿನಲ್ಲಿ, ತಲೆ ಇನ್ನೊಬ್ಬರ ಹೊಲದಲ್ಲಿ. ಬುಡ ಯಾರ ಸರ್ವೆ ನಂಬರಿನಲ್ಲಿದೆಯೋ ಮರ ಅವರದು ಎನ್ನುವುದು ಸರಳ ಮಾತು. ಆದರೆ ಬದು ಜಂಟಿಯಾಗಿದ್ದರೆ ಆ ಮಾತು ಸಾಲದು. ಪಹಣಿಯಲ್ಲಿ ಮರಗಳಿಗೆಂದೇ ಕಲಂ ಇದೆ, ಅದರಲ್ಲಿ ನಮೂದಾಗಿದ್ದರೆ ವಾದವೇ ಇಲ್ಲ. ಖಾಲಿ ಇದ್ದರೆ ಪಕ್ಕದವರ ಜೊತೆ ಕೂತು ಮಾತಾಡಿ, ಆದ ಒಪ್ಪಂದವನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ಊರಿನ ಇಬ್ಬರು ಹಿರಿಯರ ಸಾಕ್ಷಿ ಹಾಕಿಸಿ. ಅವರ ಹೊಲದಲ್ಲಿ ಕೆಲಸ ನಡೆಯುವುದರಿಂದ ಬಿತ್ತನೆಗೆ ಮುಂಚೆ ನೆಲ ಬಿಡಿಸಿಕೊಡುತ್ತೇವೆ ಎಂದು ಒಂದು ಸಾಲು ಅದರಲ್ಲೇ ಸೇರಿಸಿದರೆ ಒಳ್ಳೆಯದು. ನಮಗೆ ಅವಸರ ಹುಟ್ಟಿದ್ದೇ ಆ ಸಾಲಿನಿಂದ. ಮೃಗಶಿರಾ ಹುಟ್ಟಿದರೆ ಕೂರಿಗೆ ಹೂಡಬೇಕು, ಹೊಲದಲ್ಲಿ ಬೊಡ್ಡೆ ಮಲಗಿರಬಾರದು. ರಸ್ತೆ ಬದಿಯ ಮರವಾದರೆ ಮಾತೇ ಬೇರೆ. ಅದು ಸರ್ಕಾರದ್ದು, ಬಿದ್ದ ಟೊಂಗೆ ತಂದರೂ ತಕರಾರಾಗುತ್ತದೆ.

ಅಪ್ಪಣೆಯ ಬಗ್ಗೆ: ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದ್ದು. ಸತ್ತ, ರೋಗ ಹಿಡಿದ, ಗಾಳಿಗೆ ಬಿದ್ದ ಮರಕ್ಕೆ ಅನುಮತಿ ನಿರಾಕರಿಸಬಾರದು ಎಂದು ಅದರ 8ನೇ ಕಲಮಿನಲ್ಲೇ ಇದೆ. ನಿರಾಕರಿಸುವುದಿಲ್ಲ ಎಂದ ಮಾತ್ರಕ್ಕೆ ಕೇಳುವುದೇ ಬೇಡ ಎಂದಾಗುವುದಿಲ್ಲ. ಬಳ್ಳಾರಿ ಜಾಲಿ, ನೀಲಗಿರಿ, ಸುಬಾಬುಲ್, ಸರ್ವೆ, ತೆಂಗು ಮುಂತಾದವಕ್ಕೆ ವಿನಾಯಿತಿ ಇದೆ. ಆ ಪಟ್ಟಿ ತಿದ್ದುಪಡಿಯಾಗುತ್ತಿರುತ್ತದೆ, ಆದ್ದರಿಂದ ನಿಮ್ಮ ಮರದ ಜಾತಿ ಹೇಳಿ ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳುವುದೇ ಸರಿಯಾದ ದಾರಿ. ಅರ್ಜಿಯ ಜೊತೆ ಪಹಣಿ, ಆಧಾರ್ ಪ್ರತಿ, ಬದುವಿನ ಒಪ್ಪಂದದ ಪ್ರತಿ ಮತ್ತು ಫೋಟೋ ಇಟ್ಟೆವು. ಫೋಟೋ ನಾಲ್ಕೂ ದಿಕ್ಕಿನಿಂದ ಬೇಕು, ಅದರಲ್ಲೂ ಎದ್ದ ಬೇರು ಸ್ಪಷ್ಟವಾಗಿ ಕಾಣುವಂಥದ್ದು ಒಂದು ಬೇಕೇ ಬೇಕು. ಕೊಡಲಿ ಬೀಳುವ ಮುಂಚಿನ ಚಿತ್ರವೇ ಗಾಳಿಗೆ ಬಿದ್ದದ್ದೆಂಬುದಕ್ಕೆ ಪುರಾವೆ. ಒಂದು ಟೊಂಗೆ ಕಡಿದ ಮೇಲೆ ತೆಗೆದ ಫೋಟೋಕ್ಕೆ ಆ ಬೆಲೆ ಇಲ್ಲ. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಸ್ಥಳ ನೋಡಲು ಬರುವವರೆಗೆ ಕಾಯಬೇಕಾಯಿತು. ಒಂದೇ ಗಾಳಿಗೆ ತಾಲ್ಲೂಕಿನ ತುಂಬ ಮರ ಬಿದ್ದಿರುವಾಗ ಅದು ಸಹಜ, ಆದರೂ ಪಕ್ಕದವರ ಮುಖ ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ. ಈ ಕಾಯುವ ಕಾಲ ವ್ಯರ್ಥ ಹೋಗುವುದಿಲ್ಲ. ಎಲೆ ಇರುವ ಮರ ಬಿದ್ದ ಮೇಲೂ ಎಲೆಯ ಮೂಲಕ ನೀರು ಬಿಡುತ್ತಲೇ ಇರುತ್ತದೆ. ಬೇರು ಕಡಿದಿದ್ದರೆ ಹೊಸ ನೀರು ಏರುವುದಿಲ್ಲ. ಎಲೆ ತಾನಾಗಿ ಒಣಗಿ ಮುರುಟುವವರೆಗೆ ಟೊಂಗೆ ಸವರದೆ ಬಿಟ್ಟರೆ ಕಟ್ಟಿಗೆ ಅಷ್ಟರಮಟ್ಟಿಗೆ ಹಗುರಾಗುತ್ತದೆ.

ಆಗಲೇ ಅಳತೆ ಮಾಡಿ ನಿರ್ಧಾರ ಮಾಡಿ. ನೆಟ್ಟಗಿರುವ, ಪೊಟರೆ ಇಲ್ಲದ ಬೇವಿನ ಬೊಡ್ಡೆಯನ್ನು ಕಟ್ಟಿಗೆ ಮಾಡುವುದು ಅನ್ಯಾಯ. ಬೇವಿನ ಚೇಗಿಗೆ (ಒಳಗಿನ ಗಟ್ಟಿ ಮರಕ್ಕೆ) ಗೆದ್ದಲು ಸುಲಭಕ್ಕೆ ಹತ್ತುವುದಿಲ್ಲ, ಬಾಗಿಲ ಚೌಕಟ್ಟಿಗೆ ಬರುತ್ತದೆ. ಮರದ ಅಡ್ಡೆಯ ವ್ಯಾಪಾರಿಗಳು ಕಾಲುಸುತ್ತಿನ ಲೆಕ್ಕ ಹಾಕುತ್ತಾರೆ: ನಡುವಿನ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿದರೆ ಘನ ಅಡಿ. 5 ಅಡಿ ಸುತ್ತು, 9 ಅಡಿ ಉದ್ದದ ಬೊಡ್ಡೆ 1.25 × 1.25 × 9, ಅಂದರೆ 14 ಘನ ಅಡಿ. ಈ ಲೆಕ್ಕದಲ್ಲಿ ಬರುವುದು ನಿಜವಾದ ಗಾತ್ರದ ನೂರಕ್ಕೆ 78ರಷ್ಟು ಮಾತ್ರ, ಉಳಿದದ್ದು ಕೊಯ್ತದ ನಷ್ಟ ಎಂಬುದು ವ್ಯಾಪಾರದ ರೂಢಿ. ಬೆಲೆ ಮಾತಾಡುವಾಗ ಇದು ಗೊತ್ತಿರಲಿ. ನಮ್ಮ ಮರದಲ್ಲಿ ಮೊದಲ ಕವಲಿನವರೆಗಿನ ತುಂಡು ಚೊಕ್ಕ ಇತ್ತು, ಅದನ್ನು ಬಡಿಗೇರರಿಗೆಂದು ತೆಗೆದಿಟ್ಟು ಕವಲಿನಿಂದ ಮೇಲಿನದನ್ನೇ ಕಟ್ಟಿಗೆಗೆ ಹಿಡಿದೆವು.

ಮರ ಕೊಯ್ಯುವ ಚೈನ್‌ಸಾ ಮಷೀನಿನವರನ್ನು ಗೊತ್ತು ಮಾಡುವಾಗ ಗಂಟೆ ಲೆಕ್ಕವೋ, ಟ್ಯಾಂಕಿನ ಲೆಕ್ಕವೋ, ಇಡೀ ಮರದ ಗುತ್ತಿಗೆಯೋ ಎಂದು ಮೊದಲೇ ಮಾತಾಡಿ. ಗುತ್ತಿಗೆಯಾದರೆ ಕೊಯ್ಯುವ ಉದ್ದ ಎಷ್ಟು, ಟೊಂಗೆ ಎಷ್ಟು ಸಣ್ಣದರವರೆಗೆ, ಪೆಟ್ರೋಲ್ ಯಾರದು, ಮೊಳೆಗೆ ಸಿಕ್ಕಿ ಚೈನ್ ಕೆಟ್ಟರೆ ಯಾರು ಕೊಡಬೇಕು, ಇಷ್ಟು ಬಾಯಿಬಿಟ್ಟು ಹೇಳಿಕೊಳ್ಳಬೇಕು. 18 ಇಂಚಿನ ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಇರುವ ಮಷೀನು ಬದುವಿನ ಮರಗಳಿಗೆ ಸಾಕು. ಎರಡೂ ಬದಿಯಿಂದ ಕೊಯ್ದರೆ ಬಾರಿಗಿಂತ ದಪ್ಪನೆಯ ಬೊಡ್ಡೆಯೂ ಆಗುತ್ತದೆ. ಒಳ್ಳೆಯ 2ಟಿ ಆಯಿಲ್ ಆದರೆ ಲೀಟರ್ ಪೆಟ್ರೋಲಿಗೆ 20 ಮಿಲಿ, ಸಾಧಾರಣದ್ದಾದರೆ 40 ಮಿಲಿ. ಮಷೀನಿನ ಜೊತೆ ಬಂದ ಪುಸ್ತಕದಲ್ಲಿ ಬೇರೆ ಹೇಳಿದ್ದರೆ ಅದೇ ಸರಿ. ಅಂದಾಜಿಗೆ ಸುರಿಯುವುದು ಬೇಡ. ಆಯಿಲ್ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ ಕರಿ ಹಿಡಿಯುತ್ತದೆ. ಚೈನಿಗೆ ಗಾಡಿಯ ಸುಟ್ಟ ಆಯಿಲ್ ಹಾಕುವ ರೂಢಿ ನಮ್ಮ ಕಡೆ ಬಹಳ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಆಯಿಲ್ ಪಂಪನ್ನೇ ತಿನ್ನುತ್ತದೆ, ಕೈ ಮುಖಕ್ಕೂ ಒಳ್ಳೆಯದಲ್ಲ. ಆಯಿಲ್ ಬರುತ್ತಿದೆಯೋ ಇಲ್ಲವೋ ನೋಡಲು ಬಾರಿನ ತುದಿಯನ್ನು ಒಣ ಬಂಡೆಯ ಮೇಲೆ ಗೇಣು ಎತ್ತರಕ್ಕೆ ಹಿಡಿದು ರೇಸ್ ಕೊಟ್ಟರೆ ಬಂಡೆಯ ಮೇಲೆ ಸಣ್ಣ ಎಣ್ಣೆಗೆರೆ ಬೀಳಬೇಕು.

ಚೈನಿನ ಬಿಗಿ ಕೈಯಿಂದ ನೋಡಿ. ಬಾರಿಗೆ ಅಂಟಿಕೊಂಡಿರಬೇಕು, ಆದರೆ ಕೈಗವಸು ಹಾಕಿ ಎಳೆದರೆ ಸರಾಗ ಸುತ್ತಬೇಕು. ಬಿಸಿಗೆ ಚೈನ್ ಉದ್ದವಾಗುತ್ತದೆ, ಮಧ್ಯೆ ಬಿಗಿ ಮಾಡುತ್ತಿರಬೇಕು. ಸಂಜೆ ಕೆಲಸ ಮುಗಿದಾಗ ಸಡಿಲ ಬಿಡುವುದನ್ನು ಮರೆತರೆ ತಣ್ಣಗಾಗಿ ಕುಗ್ಗಿ ಬಾರನ್ನೂ ಬೇರಿಂಗನ್ನೂ ಹಿಂಡುತ್ತದೆ. ಹಲ್ಲು ಮೊಂಡಾಗಿದೆ ಎಂದು ಮರದ ಪುಡಿಯೇ ಹೇಳುತ್ತದೆ: ಚೂಪಿದ್ದಾಗ ಚಕ್ಕೆ ಚಕ್ಕೆ ಉದುರುತ್ತದೆ, ಮೊಂಡಾದಾಗ ಹಿಟ್ಟು. ಕೊಯ್ತ ಒಂದು ಬದಿಗೆ ಸೊಟ್ಟ ಹೋಗುತ್ತಿದ್ದರೆ ಒಂದು ಕಡೆಯ ಹಲ್ಲು ಹೆಚ್ಚು ಸವೆದಿದೆ ಎಂದರ್ಥ. ದುಂಡು ಅರ 4.0, 4.8, 5.2 ಮಿ.ಮೀ. ಹೀಗೆ ಹಲವು ಅಳತೆಯವು ಸಿಗುತ್ತವೆ. ಚೈನಿನ ಅಳತೆ ನೋಡಿ ಕೊಳ್ಳಬೇಕು. ಎಲ್ಲ ಹಲ್ಲಿಗೂ ಒಂದೇ ಲೆಕ್ಕದಷ್ಟು ಸಲ, ಒಳಗಿನಿಂದ ಹೊರಕ್ಕೆ ಮಾತ್ರ ಉಜ್ಜಬೇಕು.

ಕೊಯ್ಯುವವರು ಧೋತರ, ಲುಂಗಿ, ಹೆಗಲ ಮೇಲಿನ ಟವೆಲ್ ಬಿಟ್ಟು ಪ್ಯಾಂಟು, ಗಟ್ಟಿ ಬೂಟು ಹಾಕಲಿ. ಕಣ್ಣಿಗೆ ಕನ್ನಡಕ, ಕಿವಿಗೆ ಹತ್ತಿಯಾದರೂ ಬೇಕು. ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ಬೆಳಗಿನ ಆರರಿಂದ ಹತ್ತರವರೆಗೆ ಮಾತ್ರ ಮಷೀನು ಹಿಡಿಯುವುದು. ಆಮೇಲೆ ಅಂಬಲಿ, ಮಜ್ಜಿಗೆ, ನೆರಳು. ದಣಿದ ಕೈಯಲ್ಲಿ ಮಷೀನು ಒದ್ದರೆ ತಡೆಯಲಾಗುವುದಿಲ್ಲ. ಒದೆಯುವುದು ಬಾರಿನ ತುದಿಯ ಮೇಲರ್ಧ ಏನಕ್ಕಾದರೂ ತಾಗಿದಾಗ: ಚೈನ್ ಅಲ್ಲಿ ಕಚ್ಚಿ ಬಾರು ನೇರ ಮುಖದ ಕಡೆ ಎದ್ದು ಬರುತ್ತದೆ. ಟೊಂಗೆಗಳ ದಟ್ಟಣೆಯಲ್ಲಿ ಹಿಂದಿನ ಟೊಂಗೆಗೆ ತುದಿ ತಾಗುವುದು ಕಾಣುವುದೇ ಇಲ್ಲ. ಹಾಗಾಗಿ ಮೊದಲು ಕುಡುಗೋಲು, ಕೊಡಲಿಯಿಂದ ಸಣ್ಣ ಪುಳ್ಳೆಯನ್ನೆಲ್ಲ ಸವರಿ ನಿಲ್ಲುವ ಜಾಗ, ಹಿಂದೆ ಸರಿಯುವ ದಾರಿ ಎರಡನ್ನೂ ಬಿಡಿಸಿಕೊಂಡೆವು. ಭುಜಕ್ಕಿಂತ ಮೇಲೆ ಮಷೀನು ಎತ್ತಲಿಲ್ಲ.

ಇನ್ನು ಮುಖ್ಯ ವಿಷಯ. ನಿಂತ ಮರದ ಭಾರವೆಲ್ಲ ಒಂದೇ ದಿಕ್ಕಿಗೆ, ನೆಲಕ್ಕೆ. ಬಿದ್ದ ಮರದಲ್ಲಿ ಒಂದೊಂದು ಟೊಂಗೆಯ ಭಾರ ಒಂದೊಂದು ಕಡೆ. ಕೆಲವು ಮರವನ್ನೇ ಹೊತ್ತು ನಿಂತಿರುತ್ತವೆ, ಕೆಲವು ಬಾಗಿ ಸಿಕ್ಕಿಹಾಕಿಕೊಂಡಿರುತ್ತವೆ, ಕೆಲವು ಗಾಳಿಯಲ್ಲಿ ತೂಗುತ್ತವೆ. ಪ್ರತಿ ಕೊಯ್ತಕ್ಕೂ ಮುಂಚೆ ಭಾರ ಎಲ್ಲಿ ಕೂತಿದೆ, ಕೊಯ್ದರೆ ಯಾವ ಕಡೆ ಹೋಗುತ್ತದೆ ಎಂದು ನೋಡಲೇಬೇಕು. ಬಾಗಿದ ಟೊಂಗೆಗೆ ಒಂದು ಬದಿ ಎಳೆತ, ಇನ್ನೊಂದು ಬದಿ ಒತ್ತು. ಒತ್ತಿನ ಬದಿಯಲ್ಲಿ ಆಳಕ್ಕೆ ಕೊಯ್ದರೆ ಸಂದು ಮುಚ್ಚಿ ಬಾರನ್ನು ಕಚ್ಚುತ್ತದೆ. ಎಳೆತದ ಬದಿಯಲ್ಲಿ ಒಮ್ಮೆಲೇ ಕೊಯ್ದರೆ ಟೊಂಗೆ ಸೀಳಿ ಹಾರುತ್ತದೆ. ಆದ್ದರಿಂದ ಮೊದಲು ಒತ್ತಿನ ಬದಿಯಲ್ಲಿ ದಪ್ಪದ ಮೂರನೇ ಒಂದು ಪಾಲು, ಆಮೇಲೆ ಎಳೆತದ ಬದಿಯಿಂದ ನಿಧಾನವಾಗಿ ಉಳಿದದ್ದು.

ಎರಡೂ ತುದಿ ನೆಲಕ್ಕೆ ಆನಿಕೊಂಡು ನಡುವಿನ ಅಡಿ ಖಾಲಿ ಇದ್ದರೆ ಒತ್ತು ಮೇಲೆ, ಎಳೆತ ಕೆಳಗೆ. ಮೇಲಿಂದ ಮೂರನೇ ಒಂದು ಪಾಲು ಕೊಯ್ದು ಕೆಳಗಿನಿಂದ ಮುಗಿಸಬೇಕು. ಒಂದೇ ತುದಿ ಹಿಡಿದು ಇನ್ನೊಂದು ತೂಗುತ್ತಿದ್ದರೆ ಇದರ ತಿರುಗು: ಕೆಳಗೆ ಮೊದಲು, ಮೇಲೆ ಆಮೇಲೆ. ನಮ್ಮ ಮಷೀನಿನ ಹುಡುಗ ದಪ್ಪ ಟೊಂಗೆಯೊಂದರ ಮುಂದೆ ಕೂತು, ಕಣ್ಣು ಅದರ ಮಟ್ಟಕ್ಕೆ ತಂದು, ಎರಡೂ ತುದಿ ನೋಡಿ ಹೇಳಿದ: “ಕಾಕಾ, ಇದು ಮ್ಯಾಲಿಂದ ಹಚ್ಚಿದ್ರ ಸೀಳತೈತ್ರಿ. ಬುಡಕಿಂದ ಒಂದೀಟು ಬಂದು ಆಮ್ಯಾಲ ಮ್ಯಾಲ ಹಾಕ್ತೀನಿ.” ಕೂತು ನೋಡುವ ಈ ಅಭ್ಯಾಸ ಇರುವವರನ್ನೇ ಕೆಲಸಕ್ಕೆ ಕರೆಯಿರಿ. ಅಡ್ಡಕ್ಕೆ ಬಾಗಿರುವ ಟೊಂಗೆಯಾದರೆ ಒಳಬಾಗಿನ ಬದಿಯಲ್ಲಿ ನಿಲ್ಲಬೇಕು, ಬಿಟ್ಟಾಗ ಅದು ಹೊರಬದಿಗೆ ಚಿಮ್ಮುತ್ತದೆ. ಬಿಲ್ಲಿನ ಹಾಗೆ ಬಾಗಿ ಸಿಕ್ಕಿದ ಎಳೇ ಟೊಂಗೆಯನ್ನು ಎಂದೂ ಒಂದೇ ಏಟಿಗೆ ಕಡಿಯಬೇಡಿ. ಒಳಬಾಗಿನ ಬದಿಯನ್ನು ಸ್ವಲ್ಪ ಸ್ವಲ್ಪವೇ ಹೆರೆಯುತ್ತ ಹೋದರೆ ಬಿಗಿ ತಾನಾಗಿ ಇಳಿದು ಮಡಚಿಕೊಳ್ಳುತ್ತದೆ.

ಮರ ಹೊತ್ತಿರುವ ಕೆಳಟೊಂಗೆಗಳನ್ನು ಕಡೆಗೆ ಉಳಿಸಿ. ಮೇಲಿನವು ಹೋದ ಮೇಲೆ ಭಾರ ಇಳಿದಿರುತ್ತದೆ, ಬೊಡ್ಡೆ ನೆಲದಿಂದ ಎತ್ತರದಲ್ಲೇ ಇರುವುದರಿಂದ ಚೈನಿಗೆ ಮಣ್ಣೂ ತಾಗುವುದಿಲ್ಲ. ಅವನ್ನು ಕೊಯ್ಯುವ ಮುಂಚೆ ಬೊಡ್ಡೆಯ ಅಡಿಗೆ ಕಲ್ಲು, ಕೊರಡು ಕೊಟ್ಟು ಆನಿಸಿದರೆ ಬೊಡ್ಡೆ ಕಾಲಿನ ಮೇಲೆ ಉರುಳುವುದು ತಪ್ಪುತ್ತದೆ. ಬಾರು ಕಚ್ಚಿಕೊಂಡರೆ ಜಗ್ಗಾಡಬೇಡಿ. ಮಷೀನು ಬಂದ್ ಮಾಡಿ, ಸಂದಿಗೆ ಮರದ ಬೆಣೆ ಬಡಿದು, ಟೊಂಗೆಯನ್ನು ಹಾರೆಯಿಂದ ಮೀಟಿದರೆ ಬಿಡುತ್ತದೆ. ಒಣ ಜಾಲಿಯ ಬೆಣೆ ಮೂರ್ನಾಲ್ಕು ಮೊದಲೇ ಕೆತ್ತಿ ಇಟ್ಟುಕೊಳ್ಳಿ, ಕಬ್ಬಿಣದ ಬೆಣೆಗೆ ಚೈನ್ ತಾಗಿದರೆ ಹಲ್ಲು ಹೋಯಿತು.

ಕವಲಿನಿಂದ ಮೇಲಿನ ದಪ್ಪ ತುಂಡನ್ನು ಒಲೆಯ ಉದ್ದಕ್ಕೆ, ಒಂದೂವರೆ ಅಡಿಗೊಂದು ಗುರುತು ಹಾಕಿ, ಪ್ರತಿ ಗುರುತಿನಲ್ಲೂ ಮುಕ್ಕಾಲು ಪಾಲು ಕೊಯ್ದು ಬಿಟ್ಟೆವು. ಆಮೇಲೆ ಹಾರೆ ಹಾಕಿ ಇಡೀ ತುಂಡನ್ನು ಉರುಳಿಸಿ ಉಳಿದ ಕಾಲುಪಾಲು ಮೇಲಿಂದಲೇ ಮುಗಿಸಿದ್ದು. ಒಂದು ಸಲವೂ ಚೈನ್ ನೆಲ ಮುಟ್ಟಲಿಲ್ಲ. ಮಳೆಗೆ ಸಿಡಿದ ಎರೆಮಣ್ಣು ತೊಗಟೆಗೆ ಅಂಟಿದ್ದರೆ ಕೊಯ್ಯುವ ಗೆರೆಯಲ್ಲಿ ಕೊಡಲಿಯಿಂದ ತೊಗಟೆ ಕೆತ್ತಿಹಾಕಿ. ಹತ್ತು ಟೊಂಗೆ ಕೊಯ್ದು ಆಗದಷ್ಟು ಸವೆತ ಆ ಮಣ್ಣು ಒಂದು ಗಳಿಗೆಯಲ್ಲಿ ಮಾಡುತ್ತದೆ.

ಬದುವಿನ ಮರದಲ್ಲಿ ಕಬ್ಬಿಣ ಇರುತ್ತದೆ ಎಂದೇ ತಿಳಿದು ಹೊರಡಬೇಕು. ಹಿಂದೆ ಯಾರೋ ಮುಳ್ಳುತಂತಿ ಕಟ್ಟಿದ್ದರು, ಮರ ಅದನ್ನು ನುಂಗಿ ಮೇಲೆ ತೊಗಟೆ ಮುಚ್ಚಿಕೊಂಡಿತ್ತು, ಹೊರಗೆ ಸಣ್ಣ ಮಡಿಕೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಬುಡದ ಕಡೆ ಕೊಯ್ಯುವಾಗ ತಿಳಿಹಳದಿ ಮುಖದ ಮೇಲೆ ಬೆರಳಗಲದ ನೀಲಿಗಪ್ಪು ಕಲೆ ಕಂಡಿತು, ನಡುವಿನಲ್ಲಿ ಕಡುಗಪ್ಪು, ನಾರಿನ ಗುಂಟ ಮೇಲಕ್ಕೂ ಕೆಳಕ್ಕೂ ತೆಳುವಾಗುತ್ತ ಹೋದದ್ದು. ಮರದ ಒಗರು ರಸ ಕಬ್ಬಿಣಕ್ಕೆ ಕೂಡಿದಾಗ ಆಗುವ ಬಣ್ಣ ಅದು. ಕಂಡ ತಕ್ಷಣ ನಿಲ್ಲಿಸಿ, ಗೇಣುದ್ದ ಬಿಟ್ಟು ಬೇರೆ ಕಡೆ ಕೊಯ್ಯಬೇಕು. ಕಬ್ಬಿಣ ಸಿಕ್ಕ ತುಂಡಿಗೆ ಚಾಕ್‌ಪೀಸಿನಿಂದ ಗುರುತು ಹಾಕಿ ಬೇರೆ ಇಡಿ, ಸೀಳುವವರ ಕೊಡಲಿಯೂ ಉಳಿಯಲಿ.

ಬೊಡ್ಡೆಯನ್ನು ಬೇರಿನಿಂದ ಬಿಡಿಸುವ ಕೊಯ್ತವೇ ಕಡೆಯದು, ಕಠಿಣವಾದದ್ದು. ಬೇರಿನ ಗಡ್ಡೆ ಗೋಡೆಯಂತೆ ಎದ್ದು ನಿಂತಿರುವುದು ಬೊಡ್ಡೆಯ ಭಾರದಿಂದ. ಬೊಡ್ಡೆ ಬೇರ್ಪಟ್ಟ ಕ್ಷಣ ಆ ಭಾರ ಇಲ್ಲ, ಗಡ್ಡೆ ಹಿಂದಕ್ಕೆ ತಗ್ಗಿನೊಳಗೆ ಧಡ್ ಎಂದು ಕೂರುತ್ತದೆ, ಕೆಲವೊಮ್ಮೆ ಮೋಟು ನೆಟ್ಟಗೆ ನಿಲ್ಲುತ್ತದೆ. ಆಗ ತಗ್ಗಿನಲ್ಲಿ ಯಾರಿದ್ದರೂ ಉಳಿಯುವುದಿಲ್ಲ. ಗಡ್ಡೆ ಮುಂದಕ್ಕೆ, ಕೊಯ್ಯುವವರ ಮೇಲೂ ಮಗುಚಬಹುದು. ಅದಕ್ಕೇ ಬುಡದಿಂದ ಒಂದು ಮಾರು ಉದ್ದ ಬೊಡ್ಡೆಯನ್ನು ಗಡ್ಡೆಗೇ ಬಿಟ್ಟು ಕೊಯ್ಯುವುದು. ಮುಂದಕ್ಕೆ ಬೀಳದಂತೆ ಆ ಮೋಟು ತಡೆಯುತ್ತದೆ. ಕೊಯ್ಯುವ ಮುಂಚೆ ಗಡ್ಡೆಗೆ ಸರಪಳಿ ಸುತ್ತಿ ಟ್ರ್ಯಾಕ್ಟರಿಗೆ ಬಿಗಿದೆವು, ಟ್ರ್ಯಾಕ್ಟರಿನವರನ್ನು ಸೀಟಿನ ಮೇಲೆ ಕೂರಿಸಿಯೇ ಕೊಯ್ತ ಶುರು ಮಾಡಿದ್ದು. ಸರಪಳಿಯ ಹತ್ತಿರ ಯಾರೂ ನಿಲ್ಲಬಾರದು. “ತಗ್ಗಿನ್ಯಾಗ ಯಾರೂ ಇಲ್ಲಲಾ?” ಎಂದು ಮೂರು ಸಲ ಕೂಗಿ ಕೇಳಿ, ಒಬ್ಬರು ಹೋಗಿ ಕಣ್ಣಾರೆ ನೋಡಿ ಬಂದ ಮೇಲೆಯೇ ಮಷೀನು ಎತ್ತಿದ್ದು. ಕೊಯ್ತ ಮುಗಿದಾಗ ಗಡ್ಡೆ ಅರ್ಧ ಹಿಂದಕ್ಕೆ ಕೂತಿತು, ಸರಪಳಿ ಬಿಗಿದು ನಿಂತಿತು, ಎಲ್ಲರ ಉಸಿರು ಬಂತು.

ಸೀಳುವುದನ್ನು ಮುಂದೆ ಹಾಕಬೇಡಿ. ಒಣಗಿದ ಮೇಲೆ ಸೀಳೋಣ ಎನ್ನುವವರೇ ಹೆಚ್ಚು, ಆದರೆ ಬೇವಾಗಲಿ ಜಾಲಿಯಾಗಲಿ ಹಸಿಯಲ್ಲೇ ಸುಲಭ. ಒಣಗಿದ ಜಾಲಿಯ ಮೇಲೆ ಕೊಡಲಿ ಪುಟಿದು ಬರುತ್ತದೆ. ಮೇಲಾಗಿ ಇಡೀ ಕೊರಡು ತೊಗಟೆಯೊಳಗೆ ನೀರು ಹಿಡಿದುಕೊಂಡು ವರ್ಷವಾದರೂ ಒಣಗುವುದಿಲ್ಲ. ಒಂದೂವರೆ ಅಡಿ ದಪ್ಪ, ಅಷ್ಟೇ ಉದ್ದದ ಹಸಿ ತುಂಡು 70 ಕಿಲೋ ಆಸುಪಾಸು ತೂಗುತ್ತದೆ, ಎತ್ತದೆ ಬಿದ್ದಲ್ಲೇ ಸೀಳುವುದು ಸೊಂಟಕ್ಕೆ ಕ್ಷೇಮ. ಅಡಿಗೆ ದಪ್ಪ ಕೊರಡಿಟ್ಟು ಅದರ ಮೇಲೆ ನಿಲ್ಲಿಸಿ, ಆಗಲೇ ಬಿರುಕು ಬಿಟ್ಟಿರುವ ಗೆರೆ ಹುಡುಕಿ ಆ ಗೆರೆಗೇ ಹೊಡೆಯಬೇಕು. ದೊಡ್ಡದಾದರೆ ನಡುವಿಗೆ ಹೊಡೆಯದೆ ಅಂಚಿನಿಂದ ಸಿಬಿರು ಸಿಬಿರಾಗಿ ಬಿಡಿಸುತ್ತ ಒಳಗೆ ಬರುವುದು. ಬೇವಿನ ನಾರು ಒಂದರೊಳಗೊಂದು ಹೆಣೆದಿರುತ್ತದೆ, ಸೀಳಿದ ಮೇಲೂ ಎಳೆಗಳು ಹಿಡಿದುಕೊಂಡಿರುತ್ತವೆ; ಅವನ್ನು ಕೊಡಲಿಯಿಂದ ಕತ್ತರಿಸಿ ಬಿಡಿಸಬೇಕು, ಕಾಲಿಟ್ಟು ಕೈಯಿಂದ ಕೀಳಬಾರದು. ಗಂಟು ಇರುವ ತುದಿಯನ್ನು ಕೆಳಗಿಟ್ಟು ಹೊಡೆಯಿರಿ. ಕವಲು ಕೂಡಿದ ತುಂಡುಗಳ ಜೊತೆ ಹೋರಾಡಿ ಕೂಲಿ ಸುಡುವುದು ಬೇಡ. ಅವನ್ನು ಹಾಗೇ ಇಟ್ಟು ಬಚ್ಚಲ ಹಂಡೆಯ ಒಲೆಗೆ ಹಾಕಿದರೆ ಬೆಳಗಿನವರೆಗೆ ಕೆಂಡ ಇರುತ್ತದೆ.

ಗಾತ್ರ ತೀರ್ಮಾನಿಸುವ ಮುಂಚೆ ಒಲೆಯ ಮುಂದೆ ಕೂರುವವರನ್ನು ಕೇಳಿ. “ಎಲ್ಲಾ ದಪ್ಪ ದಪ್ಪ ಸೀಳಿ ಇಟ್ರ ರೊಟ್ಟಿ ಹೆಂಗ ಸುಡ್ಲಿ?” ಎಂದು ಅವ್ವ ಕೇಳಿದ ಮೇಲೆ ಮಣಿಕಟ್ಟು ಗಾತ್ರದ ಟೊಂಗೆಯೆಲ್ಲ ಬೇರೆ ರಾಶಿಯಾಯಿತು. ಜೋಳದ ರೊಟ್ಟಿಗೆ ಹಂಚಿನ ಅಡಿ ಒಂದೇ ಸಮ ಉರಿ ಬೇಕು, ಬೇಕೆಂದಾಗ ಒಳಗೆ ನೂಕಿ ಬೇಡವೆಂದಾಗ ಹೊರಗೆಳೆಯುವಂತಿರಬೇಕು. ದಪ್ಪ ಕೊರಡು ಹೊತ್ತಿದರೆ ಉರಿ ಇಳಿಸುವುದೇ ಕಷ್ಟ. ಹಂಡೆಗೆ ಎರಡೂವರೆ ಅಡಿ ಉದ್ದದ ದಪ್ಪ ಸೀಳೂ ನಡೆಯುತ್ತದೆ. ಬದುವಿನ ಕಂಟಿ ಸವರುವಾಗ ಕಣಗಿಲೆ ಸಿಕ್ಕರೆ ಅದನ್ನು ಕಟ್ಟಿಗೆಗೆ ಸೇರಿಸಬೇಡಿ, ಅದರ ಹೊಗೆಯೂ ವಿಷ.

ಖರ್ಚಿನಲ್ಲಿ ಮಷೀನಿನ ಬಾಡಿಗೆಗಿಂತ ಸೀಳುವ ಕೂಲಿಯೇ ಹೆಚ್ಚಾಯಿತು, ಮುಂದೆ ಕೆಲಸ ಹಿಡಿಯುವವರು ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಲಿ. ಕ್ವಿಂಟಲ್ ಲೆಕ್ಕದಲ್ಲಿ ಸೀಳಿಸಿದರೆ ಸೀಳಿದ ದಿನವೇ ತೂಗಿ. ಟ್ರಾಲಿಯ ಖಾಲಿ ತೂಕ ಮೊದಲು, ತುಂಬಿದ ತೂಕ ಆಮೇಲೆ, ಎರಡೂ ಚೀಟಿ ಇಟ್ಟುಕೊಳ್ಳಿ. ಹಸಿ ಕಟ್ಟಿಗೆಯ ತೂಕದಲ್ಲಿ ನೂರಕ್ಕೆ 45ರಷ್ಟು ನೀರೇ ಇದ್ದರೆ, ಅದು ಒಣಗಿ ನೀರಿನ ಪಾಲು 20ಕ್ಕೆ ಇಳಿದಾಗ ನೂರು ಕಿಲೋ 69 ಕಿಲೋ ಆಗುತ್ತದೆ. ಕಟ್ಟಿಗೆ ಮಾರುವವರಿಗೂ ಕೊಳ್ಳುವವರಿಗೂ ಜಗಳ ಹುಟ್ಟುವುದು ಈ 31 ಕಿಲೋದಿಂದ. ಸ್ವಂತ ಒಲೆಗೆ ಹೊಲದಿಂದ ಮನೆಗೆ ತರುವುದು ಒಂದು ಮಾತು. ಪಟ್ಟಣಕ್ಕೆ ಮಾರಲು ಲಾರಿ, ಟ್ರಾಲಿ ತುಂಬುವುದಿದ್ದರೆ ರಹದಾರಿ ಪರವಾನಗಿ ಬೇಕೋ ಎಂದು ಅರ್ಜಿ ಕೊಟ್ಟ ಕಚೇರಿಯಲ್ಲೇ ಮೊದಲು ಕೇಳಿ. ಚೌಕಟ್ಟಿಗೆಂದು ತೆಗೆದ ಬೊಡ್ಡೆಗೆ ಇನ್ನೂ ಮುಖ್ಯವಾಗಿ ಕೇಳಬೇಕು. ಬಳ್ಳಾರಿ ಜಾಲಿ ಜೊತೆಗೆ ಹೇರುವುದಿದ್ದರೆ ಮುಳ್ಳು ಸವರಿಯೇ ಹೇರಿ, ಅದರ ಮುಳ್ಳು ಟ್ರಾಲಿಯ ಟೈರನ್ನೂ ಬಿಡುವುದಿಲ್ಲ.

ಒಟ್ಟುವುದಕ್ಕೆ ಮನೆಯ ಗೋಡೆಯಿಂದ ದೂರ ಜಾಗ ಬೇಕು. ಗೋಡೆಗೆ ಆನಿಸಿ ಒಟ್ಟಿದರೆ ಗೆದ್ದಲು ಕಟ್ಟಿಗೆಯಿಂದ ತೊಲೆಗೆ ದಾರಿ ಮಾಡಿಕೊಳ್ಳುತ್ತದೆ. ಎರಡು ಸಾಲು ಬಂಡೆ ಹಾಕಿ, ನೆಲದಿಂದ ಅರ್ಧ ಅಡಿ ಎತ್ತರದಲ್ಲಿ, ಸೀಳಿದ ಮುಖ ಗಾಳಿಗೆ ಸಿಗುವಂತೆ ಎದೆಯೆತ್ತರಕ್ಕೆ ಒಟ್ಟಿದ್ದೇವೆ. ಮುಂಗಾರಿನ ಗಾಳಿ ಪಡುವಣದಿಂದ ಬೀಸುವುದರಿಂದ ಉದ್ದ ಬದಿ ಆ ಕಡೆಗೆ. ಮೇಲೆ ಪತ್ರಾಸು, ಅದರ ಮೇಲೆ ಕಲ್ಲು, ಬದಿ ಮಾತ್ರ ತೆರೆದೇ ಇರಬೇಕು. ತಾಡಪಾಲು ಸುತ್ತಿ ನೆಲದವರೆಗೆ ಮುಚ್ಚಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ, ಕುಟ್ಟೆ ಹುಳವೂ ಬೀಳುತ್ತದೆ. ಹಸಿಯದನ್ನು ಸುಟ್ಟರೆ ಏನಾಗುತ್ತದೆ ಎಂದರೆ, ಒಂದು ಕಿಲೋ ನೀರನ್ನು ಆವಿ ಮಾಡಲು ಸುಮಾರು 600 ಕಿಲೋಕ್ಯಾಲೊರಿ ಬೇಕು. ಆ ಶಾಖವೆಲ್ಲ ಪಾತ್ರೆಗೆ ಸೇರಬೇಕಾದ್ದು. ಉಳಿಯುವುದು ಹೊಗೆ, ಕಣ್ಣುರಿ.

ಒಣಗಿತೋ ಇಲ್ಲವೋ ಎಂಬುದಕ್ಕೆ ಎರಡು ಸೀಳು ಬಡಿದು ನೋಡುತ್ತಾರೆ: ಹಸಿಯಿದ್ದರೆ ಡಬ್ ಎನ್ನುತ್ತದೆ, ಒಣಗಿದ್ದರೆ ಠಣ್. ತುದಿಯಲ್ಲಿ ನಡುವಿನಿಂದ ಅಂಚಿಗೆ ಬಿರುಕು ಹರಿದಿರಬೇಕು, ತೊಗಟೆ ಉಗುರಿಗೆ ಏಳಬೇಕು. ಇನ್ನೂ ಖಚಿತ ಬೇಕಾದರೆ ಒಂದು ದಪ್ಪ ಸೀಳಿಗೆ ಬಣ್ಣದ ಗುರುತು ಹಾಕಿ ಹದಿನೈದು ದಿನಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತಾಗ ಒಲೆಗೆ ಸಿದ್ಧ. ನಮ್ಮ ಬಿಸಿಲಿಗೆ ಸಣ್ಣ ಟೊಂಗೆ ಎರಡು ತಿಂಗಳಲ್ಲಿ ಆಗುತ್ತದೆ, ಕೈಮುಷ್ಟಿ ಗಾತ್ರದ ಸೀಳು ದೀಪಾವಳಿಯ ಹೊತ್ತಿಗೆ, ಹಂಡೆಯ ದಪ್ಪ ಸೀಳು ಮುಂದಿನ ಬೇಸಿಗೆಗೆ.

ಬೇರಿನ ಗಡ್ಡೆ ಇನ್ನೂ ಬದುವಿನಲ್ಲೇ ಇದೆ. ಅದರ ಸಂದುಗಳಲ್ಲಿ ಕಲ್ಲು, ಮಣ್ಣು ತುಂಬಿರುವುದರಿಂದ ಈಗ ಮಷೀನು ಹಚ್ಚಿದರೆ ಚೈನ್ ಹಾಳು. ಮಳೆಗೆ ಮಣ್ಣು ತೊಳೆದುಹೋಗಲಿ ಎಂದು ಬಿಟ್ಟಿದ್ದೇವೆ. ಸುಗ್ಗಿ ಮುಗಿದ ಮೇಲೆ ಜೆಸಿಬಿ ಬೇರೆ ಕೆಲಸಕ್ಕೆ ಊರಿಗೆ ಬಂದಾಗ ಎತ್ತಿಸಿ, ತಗ್ಗು ಮುಚ್ಚಿಸಿ, ಬದು ಕಟ್ಟಿಸಬೇಕು.